ಹೂ ಮುಗಿದ ಗಡ್ಡೆ ಪಾತಿ: ಖಾಲಿ ಜಾಗಕ್ಕೆ ಏನು ಹಾಕೋಣ?

ಕೈತೋಟ ಪ್ರಶ್ನೋತ್ತರ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ತಿರುಗಿವೆ. ಗಡ್ಡೆ ಹೂಗಳು ಮುಗಿದವು, ಪಾತಿ ಬೋಳಾಯಿತು, ಮುಂದೇನು? ಎಲ್ಲ ಗಡ್ಡೆಗಳಿಗೂ ಹೊಂದುವ ಉತ್ತರ ಇಲ್ಲ. ನರ್ಸರಿಗೆ ಹೊರಡುವ ಮೊದಲು ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ: ಮುಂದಿನ ಮೂರು ತಿಂಗಳು ಮಣ್ಣೊಳಗಿನ ಗಡ್ಡೆಗೆ ನೀರು ಬೇಕೋ, ಬೇಡವೋ? ಮೇಲೆ ಹಾಕುವ ಗಿಡಕ್ಕೂ ಅಷ್ಟೇ ನೀರು ಸಾಕಾಗಬೇಕು. ಬಣ್ಣ, ಎತ್ತರ ಎಲ್ಲ ಆಮೇಲಿನ ಮಾತು.

ಪ್ರಶ್ನೆ: ಕಾಂಪೌಂಡ್ ಪಕ್ಕ 10 ಅಡಿ ಉದ್ದ, 3 ಅಡಿ ಅಗಲದ ಪಾತಿಯಲ್ಲಿ ಕೆಂಪು ಅಮರಿಲ್ಲಿಸ್ ಎರಡು ಸಾಲು ಇದೆ. ಏಪ್ರಿಲ್‌ನಲ್ಲಿ ಹೂ ಮುಗಿಯಿತು. ಎಲೆಗಳು ಅಡ್ಡಾದಿಡ್ಡಿ ಬಿದ್ದಿವೆ, ನಡುವೆ ಬರೀ ಮಣ್ಣು ಕಾಣುತ್ತದೆ. ಎಲೆ ಕತ್ತರಿಸಿ ಬೇರೆ ಹೂಗಿಡ ನೆಡಬಹುದೆ? – ತುಮಕೂರು

ಉತ್ತರ: ಹೂಗಿಡ ನೆಡಿ, ಎಲೆ ಕತ್ತರಿಸಬೇಡಿ. ಅಮರಿಲ್ಲಿಸ್ ಗಡ್ಡೆಯೊಳಗೆ ಸುಮಾರು ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂದಂಟಿನ ಮೊಗ್ಗು ಕೂರುತ್ತದೆ, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಮುಂದಿನ ವರ್ಷದ ಹೂವಿನ ಲೆಕ್ಕ ಈ ಮಳೆಗಾಲದ ಎಲೆಗಳಲ್ಲೇ ಇದೆ. ಮೇ ತಿಂಗಳಲ್ಲಿ ಎಲೆ ಸವರಿದವರ ಪಾತಿಯಲ್ಲಿ ಮರುವರ್ಷ ಬರೀ ಸೊಪ್ಪು ಬರುವುದು ಇದಕ್ಕೇ. ಎಲೆಗಳನ್ನು ಜಡೆ ಹೆಣೆಯುವುದು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದೂ ಬೇಡ. ಒಳಗಿನ ಎಲೆಗಳಿಗೆ ಬಿಸಿಲು ತಪ್ಪುತ್ತದೆ. ಪೂರ್ತಿ ಹಳದಿಯಾಗಿ, ಮೆಲ್ಲಗೆ ಎಳೆದರೆ ಕೈಗೆ ಬರುವ ಎಲೆಯನ್ನಷ್ಟೇ ತೆಗೆಯಿರಿ. ಹೂದಂಟನ್ನು ಮಾತ್ರ ಗಡ್ಡೆಯಿಂದ ಎರಡು ಇಂಚು ಮೇಲಕ್ಕೆ ಕತ್ತರಿಸಿ, ಇಲ್ಲದಿದ್ದರೆ ಬೀಜದ ಕಾಯಿ ಕಟ್ಟಿ ಗಡ್ಡೆಯ ಶಕ್ತಿಯನ್ನು ತಿನ್ನುತ್ತದೆ.

ಈ ಗಡ್ಡೆಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ಬೇಕು. ಹಾಗಾಗಿ ನಿಮ್ಮ ಆಯ್ಕೆ ಸುಲಭ: ಮಳೆಗಾಲದ ಗಿಡ್ಡ ಹೂಗಳು. ಒಂದು ಅಡಿ ಮೀರದ ಗಿಡ್ಡ ಚೆಂಡುಹೂ ಅಥವಾ ಗಿಡ್ಡ ಜಿನಿಯಾ ಸರಿಹೋಗುತ್ತದೆ. ಕಾಸ್ಮಾಸ್ ಬೇಡ. ಅದು ಮೂರು ನಾಲ್ಕು ಅಡಿ ಎದ್ದು ಅಮರಿಲ್ಲಿಸ್ ಎಲೆಗೆ ನೆರಳು ಕವಿಸುತ್ತದೆ, ಗಾಳಿಮಳೆಗೆ ಮಗುಚಿ ಅದರ ಮೇಲೇ ಬೀಳುತ್ತದೆ.

ಎರಡು ಸಾಲಿನ ನಡುವೆ ಒಂದೇ ಸಾಲು, 10 ಇಂಚಿಗೆ ಒಂದು ಸಸಿಯಂತೆ 12 ಸಸಿ ಸಾಕು. ಇಪ್ಪತ್ತು ತುರುಕಿದರೆ ಜುಲೈ ಹೊತ್ತಿಗೆ ಗಾಳಿ ಆಡುವುದಿಲ್ಲ, ಎಲೆ ಒದ್ದೆಯಾಗಿಯೇ ಇರುತ್ತದೆ, ಅಮರಿಲ್ಲಿಸ್‌ನ ಕೆಂಪು ಮಚ್ಚೆ ರೋಗ ಅಲ್ಲಿಂದ ಶುರು. ಎಲೆ ಮತ್ತು ದಂಟಿನ ಮೇಲೆ ಇಟ್ಟಿಗೆ ಬಣ್ಣದ ಉದ್ದ ಗೆರೆಗಳು, ಗೆರೆ ಇರುವ ಕಡೆ ಎಲೆ ಬಾಗುವುದು ಇದರ ಗುರುತು. ಅಂಥ ಎಲೆ ಕಿತ್ತು ಸುಟ್ಟು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿ. ಪೈಪಿನಿಂದ ಎಲೆಯ ಮೇಲೆ ನೀರು ಹಾಯಿಸುವುದನ್ನು ನಿಲ್ಲಿಸಿ, ಬುಡಕ್ಕೆ ಕೊಡಿ.

ನೆಡುವಾಗ ಗುದ್ದಲಿ ಹಾಕಬೇಡಿ. ಹಳೆಯ ಗಡ್ಡೆಯ ಸುತ್ತ ಮರಿಗಡ್ಡೆಗಳು ಕೈಯಗಲ ಹರಡಿರುತ್ತವೆ, ಏಟು ಬಿದ್ದ ಗಡ್ಡೆ ಮಳೆಯಲ್ಲಿ ಕೊಳೆಯುವುದು ಖಂಡಿತ. ಗಡ್ಡೆಯ ಕುತ್ತಿಗೆಯಿಂದ ಆರು ಇಂಚು ಬಿಟ್ಟು, ಚಿಕ್ಕ ಕುರ್ಪಿಯಿಂದ ಮೂರು ನಾಲ್ಕು ಇಂಚಿನ ಗುಳಿ ತೆಗೆದು, ಒಂದು ಹಿಡಿ ಎರೆಗೊಬ್ಬರ ಹಾಕಿ, 25 ದಿನದ ಸಸಿಯನ್ನು ಸಂಜೆ ನೆಡಿ. ಕೊಳೆಯದ ಹಸಿ ಸಗಣಿ ಗಡ್ಡೆಯ ಹತ್ತಿರ ಸುಳಿಯಬಾರದು.

ಗೊಬ್ಬರ ಈಗ ಇಬ್ಬರಿಗೆ ಹೋಗಬೇಕು. ಇಡೀ ಪಾತಿಗೆ 6ರಿಂದ 8 ಕೆ.ಜಿ. ಕಳಿತ ಕಾಂಪೋಸ್ಟ್, 300 ಗ್ರಾಂ ಬೇವಿನ ಹಿಂಡಿ ಒಮ್ಮೆ ಹಾಕಿ. ಆಮೇಲೆ ಸೆಪ್ಟೆಂಬರ್‌ವರೆಗೆ 15 ದಿನಕ್ಕೊಮ್ಮೆ ಲೀಟರ್‌ಗೆ 3 ಗ್ರಾಂ 13:0:45 (ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ) ಕರಗಿಸಿ ಗಡ್ಡೆಗಳ ಬುಡಕ್ಕೆ ಕೊಡಿ. ಯೂರಿಯಾ ಹಾಕಿದರೆ ಎಲೆ ಕೊಬ್ಬುತ್ತದೆ, ಹೂ ಬರುವುದಿಲ್ಲ. ಒಲೆ ಬೂದಿ ಒಳ್ಳೆಯದೆಂದು ಹಲವರು ಹೇಳುತ್ತಾರೆ; ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಬೂದಿಯೂ ಸೇರಿದರೆ ಮಣ್ಣು ಇನ್ನಷ್ಟು ಕ್ಷಾರವಾಗಿ, ನರ ಮಾತ್ರ ಹಸಿರುಳಿದು ಎಳೆ ಎಲೆ ಬಿಳಿಚಿಕೊಳ್ಳುತ್ತದೆ. ಅದು ಕಬ್ಬಿಣದ ಕೊರತೆ. ಆಗಲೇ ಬಿಳಿಚಿದ್ದರೆ ಲೀಟರ್‌ಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಉಪ್ಪು ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ.

ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಎಲೆಯ ಅಡಿ ನೋಡಿ. ಕಪ್ಪು ಮೈಯ, ಬಿಳಿ ಅಥವಾ ಹಳದಿ ಪಟ್ಟೆಯ ಹುಳುಗಳು ಗುಂಪಾಗಿ ಬಂದು ಎಲೆ ಮುಗಿಸಿ ಗಡ್ಡೆಯ ಕುತ್ತಿಗೆಗೆ ಇಳಿಯುತ್ತವೆ. ಚೆಂಡುಹೂವಿನ ಮರೆಯಲ್ಲಿ ಇವು ಕಾಣುವುದು ತಡ. ಕಂಡವನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಹೆಚ್ಚಿದ್ದರೆ ಲೀಟರ್‌ಗೆ 1 ಗ್ರಾಂ ಬಿ.ಟಿ. ಪುಡಿಯನ್ನು (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಆ ಪುಡಿಯ ಸತ್ವ ಉಳಿಯುವುದಿಲ್ಲ.

ನವೆಂಬರ್‌ನಲ್ಲಿ ಹೂಗಿಡಗಳನ್ನು ಬುಡಕ್ಕೆ ಕತ್ತರಿಸಿ, ಬೇರು ಕೀಳಬೇಡಿ. ಅಲ್ಲಿಂದ ಜನವರಿ ಕೊನೆವರೆಗೆ ಪಾತಿ ಒಣಗಿರಲಿ. ಈ ಒಣ ವಿಶ್ರಾಂತಿ ಸಿಕ್ಕರೆ ಮಾರ್ಚ್-ಏಪ್ರಿಲ್‌ನಲ್ಲಿ ಹೂ ಒಟ್ಟಿಗೆ ಏಳುತ್ತದೆ.

ಪ್ರಶ್ನೆ: ಗ್ಲಾಡಿಯೋಲಸ್ ಜನವರಿಯಲ್ಲಿ ಹೂ ಕೊಟ್ಟಿತು. ಗಡ್ಡೆಯನ್ನು ಹಾಗೇ ಬಿಟ್ಟು ಮೇಲೆ ಚೆಂಡುಹೂ ಹಾಕಬಹುದೆ? – ಚಿಂತಾಮಣಿ

ಉತ್ತರ: ಬಿಡಬೇಡಿ. ಇದು ಅಮರಿಲ್ಲಿಸ್ ಥರ ಅಲ್ಲ. ನೀವು ನೆಟ್ಟ ಗಡ್ಡೆ ಹೂ ಕೊಟ್ಟು ಸುಕ್ಕಿ ಹೋಗಿರುತ್ತದೆ, ಅದರ ತಲೆಯ ಮೇಲೆ ಹೊಸ ಗಡ್ಡೆ ಕೂತಿರುತ್ತದೆ. ಎಲೆ ಒಣಗಿದ ಮೇಲೆ ಹೊಸದಕ್ಕೆ ನೀರು ಬೇಡ. ಮುಂಗಾರಿನಲ್ಲಿ ನೆಲದಲ್ಲೇ ಉಳಿದರೆ ಫ್ಯುಸೇರಿಯಂ ಕೊಳೆ ಹಿಡಿಯುತ್ತದೆ, ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಹೂ ಕೊಯ್ದು ಆರರಿಂದ ಎಂಟು ವಾರಕ್ಕೆ ಎಲೆ ಹಳದಿಯಾಗುತ್ತದೆ. ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆಯಾದರೂ ಉಳಿಸಿದ್ದರೆ ಗಡ್ಡೆ ದಪ್ಪ ಇರುತ್ತದೆ; ದಂಟಿನ ಜೊತೆ ಎಲೆಯನ್ನೂ ಕೊಯ್ದಿದ್ದರೆ ಮುಂದಿನ ಸಲ ಹೂವಿನ ಆಸೆ ಬಿಡಿ. ಅಗೆಯುವ ಎರಡು ವಾರ ಮೊದಲು ನೀರು ನಿಲ್ಲಿಸಿ. ಅಗೆದ ಗಡ್ಡೆಗಳನ್ನು ನೆರಳಲ್ಲಿ ಎರಡು ಮೂರು ವಾರ ಒಣಗಿಸಿ, ಕೆಳಗಿನ ಹಳೇ ಗಡ್ಡೆಯನ್ನು ತಿರುಚಿ ತೆಗೆಯಿರಿ. ಸುಲಭವಾಗಿ ಕಳಚಿದರೆ ಒಣಗಿದ್ದು ಸಾಕು ಎಂದರ್ಥ. ಲೀಟರ್‌ಗೆ 2 ಗ್ರಾಂ ಕಾರ್ಬೆಂಡಜಿಮ್ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ, ಮತ್ತೆ ನೆರಳಲ್ಲಿ ಆರಿಸಿ, ಈರುಳ್ಳಿ ಚೀಲದಂಥ ಬಲೆ ಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ. ಕೈಗವಸು ಇರಲಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಬೂಸ್ಟು ಗ್ಯಾರಂಟಿ. ಕಡಲೆಕಾಳಿನ ಗಾತ್ರದ ಮರಿಗಡ್ಡೆಗಳನ್ನು ಬೇರೆ ಇಡಿ, ಅವು ಹೂ ಕೊಡಲು ಎರಡು ಮೂರು ಹಂಗಾಮು ಬೇಕು.

ಹೀಗೆ ತೆಗೆದರೆ ಪಾತಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ನಿಮ್ಮದು. ಇದು ತೇಪೆ ಹಾಕುವ ಜಾಗವಲ್ಲ, ಒಂದು ಪೂರಾ ಬೆಳೆಗೆ ಸಾಲುತ್ತದೆ. ಭರಣಿ ಮಳೆ ಬಿದ್ದ ಮೇಲೆ ಮೆಂತ್ಯ ಚೆಲ್ಲಿ. 25 ದಿನಕ್ಕೆ ಸೊಪ್ಪು ಕಿತ್ತು ಜಾಗ ಖಾಲಿ. ಆ ಹೊತ್ತಿಗೇ ಟ್ರೇಯಲ್ಲಿ ಚೆಂಡುಹೂ ಬೀಜ ಹಾಕಿರಿ. ಮೃಗಶಿರದಲ್ಲಿ ನಾಟಿ, ದೊಡ್ಡ ಚೆಂಡಾದರೆ ಒಂದೂವರೆ ಅಡಿ ಅಂತರ. ನೆಟ್ಟ 20 ದಿನಕ್ಕೆ ತುದಿ ಚಿವುಟಿದರೆ ಕವಲು ಹೆಚ್ಚು, ಹೂ ಮಾತ್ರ ಹತ್ತು ಹದಿನೈದು ದಿನ ತಡ. ವರಮಹಾಲಕ್ಷ್ಮಿ ಪೂಜೆಗೇ ಹೂ ಬೇಕೆನ್ನುವವರು ಅರ್ಧ ಸಾಲು ಚಿವುಟಿ, ಅರ್ಧ ಹಾಗೇ ಬಿಡಿ.

ಅಕ್ಟೋಬರ್‌ನಲ್ಲಿ ಗ್ಲಾಡಿಯೋಲಸ್ ಮತ್ತೆ ನೆಡುವಾಗ ಬೇರೆ ಪಾತಿ ಆರಿಸಿ. ಅದೇ ಜಾಗಕ್ಕೆ ಮೂರು ವರ್ಷವಾದರೂ ಬರಬೇಡಿ.

ಪ್ರಶ್ನೆ: ತೆಂಗಿನ ಮರದ ಕೆಳಗೆ ಮೇ ಹೂವಿನ ಗಡ್ಡೆಗಳಿವೆ, ಕೆಂಪು ಚೆಂಡಿನಂತೆ ಅರಳುವವು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಏನೂ ಇರುವುದಿಲ್ಲ. ಖಾಲಿ ಇದೆ ಎಂದು ಯಾರಾದರೂ ಅಗೆದು ಗಡ್ಡೆ ಹಾಳುಮಾಡುತ್ತಾರೆ. – ಕೋಲಾರ

ಉತ್ತರ: ಮೊದಲು ಗುರುತು. ನವೆಂಬರ್‌ನಲ್ಲಿ ಎಲೆ ಬೀಳುವ ಮುಂಚೆಯೇ ಗುಂಪಿನ ಸುತ್ತ ನಾಲ್ಕು ಕಲ್ಲು ನೆಡಿ. ಬಿದಿರ ಕಡ್ಡಿ ನೆಟ್ಟರೆ ಗೆದ್ದಲು ತಿಂದು ಮಾರ್ಚ್‌ಗೆ ಮಾಯ.

ಈ ಗಡ್ಡೆ ಚಳಿಗಾಲದಲ್ಲಿ ನಿದ್ದೆಯಲ್ಲಿರುತ್ತದೆ, ಆಗ ಅದಕ್ಕೆ ಒಣ ಮಣ್ಣು ಬೇಕು. ಚಳಿಗಾಲದ ಪೆಟೂನಿಯ, ಫ್ಲಾಕ್ಸ್, ಸೇವಂತಿಗೆಗಳಿಗೋ ಎರಡು ದಿನಕ್ಕೊಮ್ಮೆ ನೀರು. ಇಬ್ಬರನ್ನೂ ಒಂದೇ ಮಣ್ಣಿನಲ್ಲಿ ಇಟ್ಟರೆ ಗಡ್ಡೆ ಕೊಳೆಯುತ್ತದೆ. ಆದ್ದರಿಂದ ನೆಲದಲ್ಲಿ ನೆಡದೆ 8 ಇಂಚಿನ ಕುಂಡಗಳನ್ನು ಅಡಿಯಲ್ಲಿ ತಟ್ಟೆ ಇಟ್ಟು ಜೋಡಿಸಿ. ತೆಂಗಿನ ನೆರಳು ದಟ್ಟವಾಗಿದ್ದರೆ ಪೆಟೂನಿಯ ಹೂ ಬಿಡುವುದಿಲ್ಲ, ಕೋಲಿಯಸ್ ಕುಂಡ ಇಡಿ. ಏಪ್ರಿಲ್ ಎರಡನೇ ವಾರ ಎಲ್ಲ ಕುಂಡ ಎತ್ತಿಬಿಡಬೇಕು. ತಡ ಮಾಡಿದರೆ ಮೇಲೇಳುವ ಹೂದಂಟು ಕುಂಡದ ಅಡಿಗೆ ತಾಗಿ ಸೊಟ್ಟಗಾಗುತ್ತದೆ.

ನೆಲದಲ್ಲೇ ಏನಾದರೂ ಇರಲಿ ಎನ್ನುವುದಾದರೆ, ಬಿಸಿಲು ಬೀಳುವ ಅಂಚಿನಲ್ಲಿ ಮಳೆ ಲಿಲ್ಲಿ ಹಾಕಿ. ಬಿಳಿ, ಗುಲಾಬಿ, ಹಳದಿ ಮೂರೂ ಸಿಗುತ್ತವೆ. ಒಂದೂವರೆ ಇಂಚು ಆಳ, ಮೂರು ಇಂಚು ಅಂತರ, ಚದರ ಅಡಿಗೆ 16 ಗಡ್ಡೆ. ಒಣಗಲು ಬಿಟ್ಟರೆ ಸುಮ್ಮನಿದ್ದು, ಮಳೆ ಬಿದ್ದ ನಾಲ್ಕೈದು ದಿನಕ್ಕೆ ಹೂ ಎತ್ತುವ ಗಿಡ ಇದು. ಮೇ ಹೂವಿಗೂ ಇದಕ್ಕೂ ನೀರಿನ ಲೆಕ್ಕ ಒಂದೇ. ಮೇ ಹೂ ಬರುವಾಗ ಅದರದೇ ಎಲೆ ಇನ್ನೂ ಬೆಳೆದಿರುವುದಿಲ್ಲವಲ್ಲ, ಆ ಬೋಳು ಬುಡಕ್ಕೂ ಹಸಿರು ಸಿಗುತ್ತದೆ. ನಮ್ಮ ಪ್ರಕಾರ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳ ಕೆಮ್ಮಣ್ಣಿಗೆ ಇದಕ್ಕಿಂತ ಹೊಂದುವ ಜೋಡಿ ಕಡಿಮೆ.

ಗುಂಪನ್ನು ಪದೇ ಪದೇ ಕಿತ್ತು ಹಂಚಬೇಡಿ. ಬೇರು ಅಲುಗಿದರೆ ಮುಂದಿನ ಮೇನಲ್ಲಿ ಮುನಿಸಿಕೊಂಡು ಬರೀ ಎಲೆ ಬಿಡುತ್ತದೆ.

ಪ್ರಶ್ನೆ: ಎರಡು ವರ್ಷದ ಸುಗಂಧರಾಜ ಪಾತಿ ನಡುನಡುವೆ ಬೋಳಾಗಿದೆ, ಉಳಿದ ಗಿಡಗಳೂ ಬಡಕಲು. ಖಾಲಿ ಕಡೆ ಕರ್ಣಕುಂಡಲ ಹಾಕಿದೆವು, ಅದೂ ಸೊರಗಿತು. ಕಿತ್ತರೆ ಬೇರಿನಲ್ಲಿ ಗಂಟು ಗಂಟು. – ಗೌರಿಬಿದನೂರು

ಉತ್ತರ: ಬೇರುಗಂಟು ಜಂತುಹುಳು. ಕಣ್ಣಿಗೆ ಕಾಣದ ಈ ಹುಳು ಸುಗಂಧರಾಜದ ಬೇರಿನಲ್ಲಿತ್ತು, ಕರ್ಣಕುಂಡಲ ಅದಕ್ಕೆ ಹಬ್ಬದೂಟ. ಟೊಮೆಟೊ, ಬದನೆ, ಬೆಂಡೆ, ಕೋಳಿಜುಟ್ಟು, ಕನಕಾಂಬರ ಇವೂ ಹಾಗೇ. ಇಂಥ ಪಾತಿಯ ಖಾಲಿ ಜಾಗಕ್ಕೆ ಇವುಗಳಲ್ಲಿ ಯಾವುದನ್ನು ಹಾಕಿದರೂ ಹುಳು ಸಾಕಿದಂತೆ. ಸುಗಂಧರಾಜದ ಒಂದು ಗಡ್ಡೆ ಒಮ್ಮೆ ಮಾತ್ರ ಹೂ ಕೊಡುತ್ತದೆ, ನಂತರ ಮರಿಗಳ ಸರದಿ. ಎರಡು ಮೂರು ವರ್ಷಕ್ಕೆ ಮರಿಗಳು ಒತ್ತೊತ್ತಾಗಿ ಹೂ ಇಳಿಯುವುದು ಸಹಜ. ಆದರೆ ಗಂಟು ಕಂಡ ಮೇಲೆ ಕಾರಣ ಹುಡುಕುತ್ತಾ ಕೂರಬೇಕಿಲ್ಲ.

ಪಾತಿಯನ್ನು ಪೂರ್ತಿ ಎಬ್ಬಿಸಿ. ತೇಪೆ ಹಾಕಿದರೆ ಹಣ ದಂಡ. ಫೆಬ್ರವರಿಯಲ್ಲಿ ಅಗೆದು, ಬೇರುಗಳನ್ನೆಲ್ಲ ಕತ್ತರಿಸಿ ಸುಡಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಎರಡು ಸೆಂ.ಮೀ.ಗಿಂತ ದಪ್ಪದ, ಗಟ್ಟಿಯಾದ ಗಡ್ಡೆಗಳನ್ನಷ್ಟೇ ಇಟ್ಟುಕೊಂಡು ನೆರಳಲ್ಲಿ ಒಣಗಿಸಿ. ಅವುಗಳಲ್ಲೂ ಹುಳು ಇರಬಹುದಾದ್ದರಿಂದ ಹೊಸ ಪಾತಿಗೆ ಹೊಸ ಗಡ್ಡೆ ತರುವುದೇ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಸುತ್ತಿನ (ಒಂದಕ್ಕಿಂತ ಹೆಚ್ಚು ಸುತ್ತು ಎಸಳಿನ) ತಳಿಗಳಲ್ಲಿ ಸುವಾಸಿನಿ, ವೈಭವ್ ಇವೆ. ಒಂಟಿ ಎಸಳಿನಲ್ಲಿ ಶೃಂಗಾರ್, ಪ್ರಜ್ವಲ್. ಇವುಗಳಲ್ಲಿ ಶೃಂಗಾರ್ ಈ ಜಂತುಹುಳುವನ್ನು ಸ್ವಲ್ಪ ತಡೆದುಕೊಳ್ಳುತ್ತದೆ.

ಮಾರ್ಚ್ ಕೊನೆಗೆ ಪಾತಿಯನ್ನು ಒಂದಡಿ ಆಳ ಅಗೆದು, ಹೆಂಟೆ ಒಡೆದು, ನೀರು ನಿಲ್ಲುವಷ್ಟು ಕೊಟ್ಟು, ಮರುದಿನ ಪಾರದರ್ಶಕ ತೆಳು ಪಾಲಿಥಿನ್ ಹಾಳೆ ಹೊದಿಸಿ. ಅಂಚನ್ನು ಸುತ್ತಲೂ ಮಣ್ಣಿನಿಂದ ಮುಚ್ಚಬೇಕು, ಗಾಳಿ ಹೋದರೆ ಕಾವು ಏರುವುದಿಲ್ಲ. ಆರು ವಾರ ಹಾಗೇ ಇರಲಿ. ಕಪ್ಪು ಹಾಳೆ ಇದಕ್ಕೆ ಬಾರದು. ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಹಾಳೆ ತೆಗೆದ ಮೇಲೆ ಚದರ ಮೀಟರ್‌ಗೆ 200 ಗ್ರಾಂ ಬೇವಿನ ಹಿಂಡಿ, ಎರಡು ಕೆ.ಜಿ. ಕಾಂಪೋಸ್ಟ್ ಸೇರಿಸಿ. ಪೆಸಿಲೊಮೈಸಿಸ್ ಪುಡಿ (ಜಂತುಹುಳುವನ್ನು ಕೊಲ್ಲುವ ಶಿಲೀಂಧ್ರ) ಸಿಕ್ಕರೆ ಕೆ.ಜಿ. ಕಾಂಪೋಸ್ಟಿಗೆ 10 ಗ್ರಾಂನಂತೆ ಬೆರೆಸಿ, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ಎರಡು ವಾರ ಇಟ್ಟು ಹಾಕಿ.

ಆಮೇಲೆ ಚೆಂಡುಹೂ, ಇಡೀ ಪಾತಿಗೆ, ಮುಕ್ಕಾಲು ಅಡಿಗೊಂದರಂತೆ ಒತ್ತಾಗಿ. ಅಲ್ಲೊಂದು ಇಲ್ಲೊಂದು ನೆಟ್ಟರೆ ಜಂತುಹುಳು ಓಡುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೆಲಸ ನಡೆಯುವುದು ಜೀವಂತ ಬೇರಿನ ಹತ್ತಿರ ಮಾತ್ರ, ಅದಕ್ಕೂ ಎರಡು ಮೂರು ತಿಂಗಳು ಬೇಕು. ನಡುವೆ ಕಳೆ ಬೆಳೆಯಲು ಬಿಟ್ಟರೆ ಹುಳು ಕಳೆಯ ಬೇರಿನಲ್ಲಿ ಬದುಕಿಕೊಳ್ಳುತ್ತದೆ. ಮತ್ತೆ ಸುಗಂಧರಾಜ ನೆಡುವ ಮುಂಚೆ ಮಣ್ಣು ಮತ್ತು ಬೇರಿನ ಮಾದರಿಯನ್ನು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ಕೇಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಟ್ಯುಲಿಪ್ ಕುಂಡದಲ್ಲಿ ಒಮ್ಮೆ ಅರಳಿತು. ಗಡ್ಡೆ ಉಳಿಸಿ ಮುಂದಿನ ವರ್ಷ ಪಾತಿಗೆ ಹಾಕಬಹುದೆ? – ಚಿಕ್ಕಬಳ್ಳಾಪುರ

ಉತ್ತರ: ಎಸೆಯಿರಿ. ಟ್ಯುಲಿಪ್ ಗಡ್ಡೆಗೆ 12ರಿಂದ 16 ವಾರ ಒಂದೇ ಸಮನೆ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಂದಿ ಬೆಟ್ಟದ ತುದಿಯಲ್ಲೂ ಚಳಿ ರಾತ್ರಿಗೆ ಮುಗಿಯುತ್ತದೆ, ಹಗಲು ಬಿಸಿಲು. ಮಾರಾಟಗಾರರು ಶೀತಗೃಹದಲ್ಲಿ ಇಟ್ಟು ಕಳಿಸಿದ ಗಡ್ಡೆ ಆ ಬಂಡವಾಳದ ಮೇಲೆ ಒಮ್ಮೆ ಅರಳಿತು. ಶ್ರೀನಗರದಲ್ಲಾದರೆ ಹೂವಾದ ಮೇಲೂ ತಂಪು ಉಳಿದು ಎಲೆ ಗಡ್ಡೆಯನ್ನು ತುಂಬಿಸುತ್ತದೆ. ನಮ್ಮಲ್ಲಿ ಫೆಬ್ರವರಿ ಬಿಸಿಲಿಗೇ ಎಲೆ ಸುಟ್ಟು ಗಡ್ಡೆ ಚೂರಾಗುತ್ತದೆ. ಡ್ಯಾಫೊಡಿಲ್ ಕಥೆಯೂ ಹೆಚ್ಚುಕಡಿಮೆ ಇದೇ.

ಆದರೂ ಆಸೆಯಿದ್ದರೆ ಪ್ರತಿ ವರ್ಷ ಹೊಸ ಗಡ್ಡೆ ತಂದು, ಡಿಸೆಂಬರ್‌ನಲ್ಲಿ 6 ಇಂಚಿನ ಕುಂಡದಲ್ಲಿ ನೆಟ್ಟು, ಕುಂಡವನ್ನೇ ಪಾತಿಯಲ್ಲಿ ಹೂಳಿ. ಹೂ ಮುಗಿದ ದಿನ ಕುಂಡ ಎತ್ತಿ, ಅದೇ ಗುಳಿಗೆ ಮೊದಲೇ ಬೆಳೆಸಿಟ್ಟ ಜಿನಿಯಾ ಕುಂಡ ಇಳಿಸಿ. ಗಡ್ಡೆಯನ್ನು ಫ್ರಿಜ್‌ನಲ್ಲಿ ಇಡುವವರು ಸೇಬು, ಬಾಳೆಹಣ್ಣು ಜೊತೆಗಿಡಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ.

ಪ್ರಶ್ನೆ: ಲಿಲ್ಲಿ ಗಡ್ಡೆಗಳ ನಡುವೆ ಈರುಳ್ಳಿ ಹೂವು, ಬೆಳ್ಳುಳ್ಳಿ ಹಾಕಿದರೆ ಜಾಗ ಉಪಯೋಗವಾಗುವುದಿಲ್ಲವೆ? – ಮಾಲೂರು

ಉತ್ತರ: ಆಗುತ್ತದೆ, ಆದರೂ ಹಾಕಬೇಡಿ. ಅಮರಿಲ್ಲಿಸ್, ಮೇ ಹೂ, ಮಳೆ ಲಿಲ್ಲಿ ಗಡ್ಡೆಗಳು ವಿಷ. ನೋಡಲು ಈರುಳ್ಳಿಯ ಹಾಗೆಯೇ ಇರುತ್ತವೆ. ಮಕ್ಕಳೋ ಮನೆಗೆಲಸದವರೋ ಕಿತ್ತು ಅಡುಗೆಮನೆಗೆ ತಂದರೆ ವಾಂತಿ ಭೇದಿ. ಅಗ್ನಿಶಿಖೆಯ ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ. ತಿನ್ನುವ ಗಡ್ಡೆ ಬೇರೆ ಪಾತಿಯಲ್ಲಿರಲಿ.

ಪ್ರಶ್ನೆ: ಗಡ್ಡೆ ಪಾತಿಯಲ್ಲಿ ಟೇಬಲ್ ರೋಸ್ ಬೀಜ ಎರಡು ಸಲ ಚೆಲ್ಲಿದರೂ ಹುಟ್ಟಲಿಲ್ಲ. – ಮುಳಬಾಗಿಲು

ಉತ್ತರ: ಮಣ್ಣು ಮುಚ್ಚಿರುತ್ತೀರಿ. ಧೂಳಿನಂಥ ಆ ಬೀಜಕ್ಕೆ ಬೆಳಕು ಬೇಕು, ಮೇಲೆ ಮಣ್ಣು ಬೇಡ. ಕೆಮ್ಮಣ್ಣು ಒಂದು ಮಳೆ ಬಿದ್ದು ಒಣಗಿದರೆ ಚಪ್ಪಡಿಯಾಗುತ್ತದೆ, ಅದನ್ನು ಸೀಳಿ ಬರುವ ಶಕ್ತಿ ಅದಕ್ಕಿಲ್ಲ. ಬೀಜದ ಗೊಡವೆಯೇ ಬಿಟ್ಟು ಪಕ್ಕದ ಮನೆಯಿಂದ ಮೂರು ಇಂಚಿನ ಕಡ್ಡಿಗಳನ್ನು ತನ್ನಿ. ಕೆಳಗಿನ ಎಲೆ ಉದುರಿಸಿ, ಅರ್ಧ ಕಡ್ಡಿ ಮಣ್ಣಿನೊಳಗೆ, ನಾಲ್ಕು ಇಂಚಿಗೊಂದು. ಹತ್ತು ದಿನದೊಳಗೆ ಬೇರು. ಬೇರು ಮೇಲೆಯೇ ಹರಡುವುದರಿಂದ ಗಡ್ಡೆಗೆ ತೊಂದರೆಯಿಲ್ಲ. ಆರು ಗಂಟೆ ಬಿಸಿಲು ಬೀಳದ ಕಡೆ ಮಾತ್ರ ಹೂ ಕಾಣುವುದಿಲ್ಲ.

ಪ್ರಶ್ನೆ: ವಾರಕ್ಕೊಮ್ಮೆ ನೀರು ಸಿಗುವ ಊರು ನಮ್ಮದು. ಗಡ್ಡೆ ಪಾತಿಯ ನಡುವೆ ಏನು ಬದುಕೀತು? – ಪಾವಗಡ

ಉತ್ತರ: ಕಾಶಿಕಣಗಿಲೆ, ಗುಂಡು ಬಟನ್ ಹೂ. ಒಂದು ಅಡಿ ಅಂತರ, ಮೊದಲ ಮೂರು ವಾರ ಮಾತ್ರ ಎರಡು ದಿನಕ್ಕೊಮ್ಮೆ ನೀರು. ಕಾಶಿಕಣಗಿಲೆಗೆ ಕರುಣೆ ತೋರಿ ಹೆಚ್ಚು ಸುರಿದರೆ ಬುಡ ಕಪ್ಪಾಗಿ ಸಾಯುತ್ತದೆ. ಗಿಡ ಹಾಕಲೂ ನೀರಿಲ್ಲದಿದ್ದರೆ ಹೊದಿಕೆಯೇ ಸಾಕು. ನಿಮ್ಮಲ್ಲಿ ಕಡಲೆಕಾಯಿ ಸಿಪ್ಪೆಗೆ ಬರವಿಲ್ಲ; ಎರಡು ಇಂಚು ದಪ್ಪ ಹರಡಿ, ಗಡ್ಡೆಯ ಕುತ್ತಿಗೆಯ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಗೆದ್ದಲು ಇರುವ ಜಾಗವಾದರೆ ಸಿಪ್ಪೆಯ ಕೆಳಗೆ ಚದರ ಮೀಟರ್‌ಗೆ 100 ಗ್ರಾಂ ಬೇವಿನ ಹಿಂಡಿ ಉದುರಿಸಿ, 15 ದಿನಕ್ಕೊಮ್ಮೆ ಸಿಪ್ಪೆಯನ್ನು ಕೆದಕಿ ತಿರುವಿಹಾಕಿ.